ಪಂಪಿನ ಪೂರ್ವಾಶ್ರಮ

ಟೆಲಿಸ್ಕೋಪಿನ ಕನ್ನಡಿಯನ್ನು ತಿಕ್ಕಿ, ಹೊಳಪು ಕೊಟ್ಟು ಮುಗಿಸಿದ ಮೇಲೂ ಅದಿನ್ನೂ ಗಾಜೇ. ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನಷ್ಟೇ ಮರಳಿಸುತ್ತದೆ. ಮೇಲೆ ಅಲ್ಯೂಮಿನಿಯಂ ಪೊರೆ ಕೂತರೆ ಅದು ತೊಂಬತ್ತರ ಹತ್ತಿರಕ್ಕೆ ಹೋಗುತ್ತದೆ. ಪೊರೆಯ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಅದನ್ನು ಕೂರಿಸಲು ನಿರ್ವಾತ ಬೇಕು. ಹಿಂದೆ ಬೆಳ್ಳಿ ಬಳಿಯುತ್ತಿದ್ದರು, ಅದು ಬೇಗ ಕಪ್ಪಾಗುತ್ತಿತ್ತು. 1935ರಲ್ಲಿ ಅಮೆರಿಕದ ಜಾನ್ ಸ್ಟ್ರಾಂಗ್ ಮೌಂಟ್ ವಿಲ್ಸನ್ನಿನ ನೂರು ಇಂಚಿನ ಕನ್ನಡಿಗೇ ಅಲ್ಯೂಮಿನಿಯಂ ಹಚ್ಚಿ ತೋರಿಸಿದರು.

ಪುಣೆಯ ನಮ್ಮ ಸಣ್ಣ ಗುಂಪಿನಲ್ಲಿ ಗದಗಿನ ಕಡೆಯ ಕಾಕಾ ಒಬ್ಬರಿದ್ದಾರೆ. ಕಾರ್ಖಾನೆಯ ಟೂಲ್‌ರೂಮಿನಿಂದ ನಿವೃತ್ತರು. ಎರಡು ಮಳೆಗಾಲ ಕೂತು ಆರು ಇಂಚಿನ ಗಾಜು ತಿಕ್ಕಿದ್ದರು. ಲೇಪನ ಮಾಡುವವರು ಒಂದೇ ಒಂದು ತುಂಡಿಗೆ ಯಂತ್ರ ಹಚ್ಚಲು ಒಪ್ಪಲಿಲ್ಲ. ಕಾಕಾನ ಒಂದು ಕಣ್ಣು ಹೋಗಿತ್ತು, ಇನ್ನೊಂದು ಮಬ್ಬಾಗುತ್ತಿತ್ತು. "ತಮ್ಮಾ, ಕಣ್ಣಿರೂತನಕ ಶನಿ ಉಂಗುರ ಇದರಾಗ ಒಮ್ಮೆರೆ ನೋಡಬೇಕು ನೋಡಪಾ" ಅಂದರು. ನಿರ್ವಾತ ಯಂತ್ರಗಳ ರಿಪೇರಿಯೇ ನನ್ನ ಹೊಟ್ಟೆಪಾಡು. ಹಾಗಾಗಿ ಸೆಕೆಂಡ್ ಹ್ಯಾಂಡ್ ಯಂತ್ರ ಹುಡುಕುವ ಕೆಲಸ ನನಗೇ ಬಂತು.

ಭೋಸರಿಯ ಗುಜರಿಯಲ್ಲಿ, ಯಾವುದೋ ಪ್ರಯೋಗಾಲಯದ ಹರಾಜಿನ ಮಾಲಿನ ನಡುವೆ ಒಂದು ಸಿಕ್ಕಿತು. ಬೆಂಗಳೂರಿನ ಹಿಂದ್ ಹೈ ವ್ಯಾಕ್ಯೂಮ್ ಕಂಪನಿಯ 12ಎ4ಡಿ. ಪರಊರಿನ ಗುಜರಿಯಲ್ಲಿ ಬೆಂಗಳೂರಿನ ಹೆಸರು ಕಂಡರೆ ನಮ್ಮಂಥವರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಆದರೆ ಫಲಕ ಹೇಳುವುದು ಹುಟ್ಟೂರನ್ನು ಮಾತ್ರ. ಕೇಳಬೇಕಾದ್ದು, ಇಷ್ಟು ದಿನ ಏನು ಮಾಡಿಕೊಂಡಿತ್ತು ಎಂದು.

ಪ್ಲಾಸ್ಟಿಕ್ಕಿಗೆ ಮಿರುಗು ಕೊಡುತ್ತಿದ್ದ ಯಂತ್ರವಾದರೆ ಒಳಗೆಲ್ಲ ವಾರ್ನಿಷ್ ಮೆತ್ತಿರುತ್ತದೆ, ದಿನಗಟ್ಟಲೆ ಅನಿಲ ಬಿಡುತ್ತಿರುತ್ತದೆ. ಸತು, ಕ್ಯಾಡ್ಮಿಯಂ ಕಾಯಿಸಿದ್ದಾದರೆ ಇನ್ನೂ ಕಷ್ಟ: ಅವು ಕಡಿಮೆ ಶಾಖಕ್ಕೇ ಆವಿಯಾಗಿ ಮತ್ತೆ ಮತ್ತೆ ಏಳುತ್ತವೆ. ಕ್ಯಾಡ್ಮಿಯಂ ವಿಷವೂ ಹೌದು. ಗುಜರಿಯವನನ್ನು ಕೇಳಿದರೆ "ಸಬ್ ಚಲ್ತಾ ಹೈ, ಸಾಬ್" ಅಂದ. ಉತ್ತರ ಕೊಟ್ಟಿದ್ದು ಪ್ಯಾನೆಲ್ಲಿಗೆ ದಾರದಿಂದ ಕಟ್ಟಿದ್ದ ಲಾಗ್ ಬುಕ್ಕು. ಪುಟಪುಟದಲ್ಲೂ ಅಲ್ಯೂಮಿನಿಯಂ, ಚಿನ್ನ, ಮತ್ತೆ ಅಲ್ಯೂಮಿನಿಯಂ.

ಉಳಿದದ್ದು ಕೈಯಿಂದಲೇ ತಿಳಿಯುತ್ತದೆ. ರೋಟರಿ ಪಂಪಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ಅದರ ಎಣ್ಣೆ ಹಾಲಿನಂತಿದ್ದರೆ ನೀರು ಸೇರಿದೆ ಎಂದರ್ಥ. ಹೊರಗಿನ ಗಾಳಿಯ ಒತ್ತಡ 760 ಟಾರ್. ಈ ಪಂಪು ಒಂದು ಟಾರಿನ ನೂರನೇ ಪಾಲಿನವರೆಗೆ ಎಳೆದು ಸುಸ್ತಾಗುತ್ತದೆ. ಲೇಪನಕ್ಕೆ ಅದಕ್ಕಿಂತ ನೂರು ಪಟ್ಟಾದರೂ ಹೆಚ್ಚು ಖಾಲಿತನ ಬೇಕು. ಅದು ಡಿಫ್ಯೂಷನ್ ಪಂಪಿನ ಕೆಲಸ. ಅದರಲ್ಲಿ ತಿರುಗುವ ಭಾಗವೇ ಇಲ್ಲ, ಕುದಿಯುವ ಎಣ್ಣೆಯ ಆವಿಯೇ ಗಾಳಿಯನ್ನು ಕೆಳಕ್ಕೆ ದಬ್ಬುತ್ತದೆ. ತೆರೆದು ನೋಡಿದಾಗ ತಳದಲ್ಲಿ ಡಾಂಬರಿನಂಥ ಕರಿ ಇದ್ದರೆ, ಯಾರೋ ಬಿಸಿಯಿರುವಾಗಲೇ ಗಾಳಿ ಬಿಟ್ಟಿದ್ದಾರೆ. ನಮ್ಮದರಲ್ಲಿ ಸ್ವಲ್ಪ ಇತ್ತು. ಕೆರೆದು ತೊಳೆದೆವು.

ಚೌಕಾಸಿ ಕೂಡದ ಜಾಗ ಒಂದೇ, ಗಾಜಿನ ಬೆಲ್ ಜಾರ್. ಹನ್ನೆರಡು ಇಂಚಿನ ಜಾರಿನ ಅಡ್ಡಳತೆಯ ಮೇಲೆ ಗಾಳಿ ಏಳುನೂರು ಕಿಲೋಗೂ ಮಿಕ್ಕಿ ಒತ್ತುತ್ತದೆ. ಅಂಚಿನ ಸುತ್ತ ಉಗುರು ಎಳೆದು ನೋಡಿದೆ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಆದರೂ ತಂತಿಜಾಲರಿಯ ಗೂಡಿಲ್ಲದೆ ಅದನ್ನು ಒಮ್ಮೆಯೂ ನಡೆಸಿಲ್ಲ.

ಸೋರಿಕೆ ಹುಡುಕಿ, ರಬ್ಬರ್ ಬಳೆಗಳನ್ನು ಬದಲಿಸುವುದರಲ್ಲಿ ಆರು ವಾರ ಹೋಯಿತು. ಕೊನೆಗೊಂದು ರಾತ್ರಿ ಮೀಟರಿನ ಮುಳ್ಳು ಬೇಕಾದಲ್ಲಿಗೆ ಇಳಿಯಿತು. ಟಂಗ್‌ಸ್ಟನ್ ಸುರುಳಿ ಕೆಂಪಾಗಿ, ಬೆಳ್ಳಗಾಗಿ, ತುಣುಕುಗಳು ಕರಗಿ ಹರಡಿದವು. ಕೆಲವೇ ಸೆಕೆಂಡು. ಜಾರಿನ ಗೋಡೆಯೂ ಕನ್ನಡಿಯಾಗಿ ಒಳಗಿನ ಬೆಳಕು ಮರೆಯಾಯಿತು. ತಣ್ಣಗಾಗುವವರೆಗೆ ಕಾಕಾ ಸ್ಟೂಲಿನಿಂದ ಏಳಲಿಲ್ಲ.

ಹದಿನೈದು ದಿನಕ್ಕೆ ಅವರ ತಾರಸಿಯ ಮೇಲೆ ಶನಿ ಸಿಕ್ಕಿತು. ತುಂಬ ಹೊತ್ತು ನೋಡಿ, "ಉಂಗುರ ಐತಿ" ಅಂದರು. ಅಷ್ಟೇ.

ಈ ಲೇಪನ ಶಾಶ್ವತವಲ್ಲ, ಕೆಲವು ವರ್ಷಕ್ಕೆ ಮತ್ತೆ ಹಾಕಬೇಕು. ಅದಕ್ಕೇ ಆ ಹಳೇ ಲಾಗ್ ಬುಕ್ಕನ್ನೇ ಮುಂದುವರಿಸಿದ್ದೇವೆ. ಪ್ರಯೋಗಾಲಯದವರ ಕೊನೆಯ ಇಂಗ್ಲಿಷ್ ಸಾಲಿನ ಕೆಳಗೆ ತಾರೀಖು, ಒತ್ತಡ, ಆರು ಇಂಚು. ಹೆಸರಿನ ಕಾಲಮಿನಲ್ಲಿ ಕಾಕಾ ಕನ್ನಡದಲ್ಲಿ ಸಹಿ ಹಾಕಿದ್ದಾರೆ.