ಅಶೋಕ ಚಕ್ರವರ್ತಿಯೂ ಅತ್ತೆಯವರ ಬದುವೂ

ರಾಜರ ವಿಷಯದಲ್ಲಿ ವಾದ ಮಾಡುವುದು ಗಂಡಸರ ಕೆಲಸ ಎಂದು ನಮ್ಮ ಕಡೆ ಒಂದು ನಂಬಿಕೆ. ಯಾರು ಯಾವ ಕೋಟೆ ಹಿಡಿದರು, ಯಾರ ಬಳಿ ಎಷ್ಟು ಆನೆಗಳಿದ್ದವು, ಯಾರು ಯಾರನ್ನು ಹೊಳೆಯಾಚೆ ಅಟ್ಟಿದರು ಎಂಬುದೆಲ್ಲ ಪಡಸಾಲೆಯ ಮಾತು. ಅಡುಗೆಮನೆಗೆ ಅದರಲ್ಲಿ ಬರುವ ಪಾಲೆಂದರೆ, ವಾದ ಬಿಸಿಯೇರಿದಾಗ ಇನ್ನೊಂದು ಸುತ್ತು ಚಹಾ ಇಡುವುದು. ಮದುವೆಯಾಗಿ ಅಂದೋಲಾಕ್ಕೆ ಬಂದಂದಿನಿಂದ ನಾನೂ ಇಂಥ ಎಷ್ಟೋ ಯುದ್ಧಗಳಿಗೆ ಚಹಾ ಒದಗಿಸಿದ್ದೇನೆ. ಆದರೆ ಒಂದು ಬೇಸಿಗೆಯ ವಾದ ಮಾತ್ರ ಚಹಾದೊಂದಿಗೆ ಮುಗಿಯಲಿಲ್ಲ. ಅದನ್ನು ನಿಮ್ಮ ಮುಂದೆ ಇಡಬೇಕು ಎನ್ನಿಸಿದೆ. ಏಕೆಂದರೆ ಅದನ್ನು ಗೆದ್ದವರು ಸಾಲಿಯ ಮೆಟ್ಟಿಲು ಹತ್ತದ ನಮ್ಮ ಅತ್ತೆ.

ಅಂದೋಲಾ ಜೇವರ್ಗಿ ತಾಲೂಕಿನ ಊರು. ಸುತ್ತಲೂ ಎರೆಭೂಮಿ, ತೊಗರಿ, ಜೋಳ, ಹತ್ತಿ. ನಾವು ಕಲಬುರಗಿಯಲ್ಲಿ ಮನೆ ಮಾಡಿದ್ದರೂ ರಜೆ ಬಂತೆಂದರೆ ಎಲ್ಲರೂ ಕೂಡುವುದು ಅಲ್ಲಿಯೇ. ಬೇಸಿಗೆಯ ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ. ಫರಸಿ ಹಾಸಿದ ಪಡಸಾಲೆಯೊಂದೇ ತಂಪು. ಹೀಗಾಗಿ ಹಪ್ಪಳ ಲಟ್ಟಿಸುವ ನಾವೂ, ಮಾತು ಲಟ್ಟಿಸುವ ಅವರೂ ಒಂದೇ ಕಡೆ ಕೂಡುವುದು ಅನಿವಾರ್ಯ. ಅತ್ತೆ ಹಿಟ್ಟಿನ ಉಂಡೆ ಮಾಡಿ ಕೊಡುತ್ತಿದ್ದರು. ನಾನೂ ಭಾವನವರ ಮಗಳೂ ಲಟ್ಟಿಸುತ್ತಿದ್ದೆವು. ಭಾವ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾದವರು. ಅವರೆದುರು ನಮ್ಮ ನಾದಿನಿಯ ಮಗ, ಎಂಜಿನಿಯರಿಂಗ್ ಓದುವ ಹುಡುಗ.

ಹುಡುಗನೇ ಕೆಣಕಿದ. “ಮಾಮಾ, ನೀವು ಅಶೋಕ ಭಾಳ ದೊಡ್ಡಾಂವ ಅಂತೀರಿ. ಒಂದು ಯುದ್ಧ ಗೆದ್ದು ಅಳಕೋತ ಕುಂತಾಂವ ಅವ. ಅವನ ಸಲುವಾಗೇ ದಂಡು ಮೆತ್ತಗಾತು. ಐವತ್ತು ವರ್ಷದಾಗ ಮೌರ್ಯರು ಮುಗದ್ರು. ರಾಜ ಅಂದ್ರ ನಮ್ಮ ಇಮ್ಮಡಿ ಪುಲಕೇಶಿ. ಹರ್ಷನಂಥ ಹರ್ಷನ್ನ ನರ್ಮದಾ ದಾಟಗೊಡಲಿಲ್ಲ.”

ಲೆಕ್ಕದಲ್ಲಿ ಹುಡುಗ ತಪ್ಪಿರಲಿಲ್ಲ. ಅಶೋಕ ತೀರಿಕೊಂಡದ್ದು ಕ್ರಿ.ಪೂ. ೨೩೨ರ ಸುಮಾರಿಗೆ, ಕೊನೆಯ ಮೌರ್ಯ ರಾಜ ಬೃಹದ್ರಥನನ್ನು ಅವನ ಸೇನಾಪತಿ ಪುಷ್ಯಮಿತ್ರನೇ ಕೊಂದದ್ದು ಕ್ರಿ.ಪೂ. ೧೮೫ರ ಸುಮಾರಿಗೆ. ಅಶೋಕನ ಅಹಿಂಸೆಯೇ ರಾಜ್ಯವನ್ನು ಉರುಳಿಸಿತೆಂದು ಹಿಂದಿನ ಕೆಲವು ಇತಿಹಾಸಕಾರರೂ ಬರೆದಿದ್ದರು. ಆದರೆ ಭಾವ ಬಿಡುವವರೇ? ರೋಮಿಲಾ ಥಾಪರ್ ೧೯೬೧ರಲ್ಲೇ ಈ ವಾದಕ್ಕೆ ಉತ್ತರ ಕೊಟ್ಟಿದ್ದಾರೆಂದರು. ಅಶೋಕ ದಂಡನ್ನು ಮನೆಗೆ ಕಳಿಸಿದನೆಂದು ಯಾವ ಶಾಸನದಲ್ಲೂ ಇಲ್ಲ. ಮರಣದಂಡನೆಯನ್ನೂ ಅವನು ತೆಗೆಯಲಿಲ್ಲ. ತಪ್ಪಿತಸ್ಥರಿಗೆ ಮೂರು ದಿನದ ಗಡುವು ಕೊಟ್ಟ, ಅಷ್ಟೆ. ಪಶ್ಚಾತ್ತಾಪ ಹೇಳಿಕೊಂಡ ಶಾಸನದಲ್ಲೇ ಅಡವಿಯ ಜನರಿಗೆ, ನೊಂದಿದ್ದರೂ ನನ್ನಲ್ಲಿ ಬಲವಿದೆ, ನೆಟ್ಟಗಿರಿ ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ. “ಅಳಬುರಕ ರಾಜ ಹಿಂಗ ಬರಸ್ತಾನೇನು?” ಎಂದರು ಭಾವ.

ಪುಲಕೇಶಿಯ ಹಿರಿಮೆಯನ್ನು ಭಾವ ಅಲ್ಲಗಳೆಯಲಿಲ್ಲ. ೬೩೪ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಅವನ ದಿಗ್ವಿಜಯವನ್ನು ಹಾಡಿದ್ದಾನೆ. ಅದಾಗಿ ಎಂಟೇ ವರ್ಷಕ್ಕೆ, ೬೪೨ರ ಸುಮಾರಿಗೆ, ಪಲ್ಲವರ ನರಸಿಂಹವರ್ಮ ಬಾದಾಮಿಗೇ ಬಂದು ಅದನ್ನು ಹಿಡಿದ. ‘ವಾತಾಪಿಕೊಂಡ’ ಎಂದು ಬಿರುದು ಇಟ್ಟುಕೊಂಡ. ಗೆದ್ದವರ ಊರು ಇನ್ನೊಬ್ಬರ ಬಿರುದಿನೊಳಗೆ ಹೋಗಿ ಕೂಡಲು ಬಹಳ ದಿನ ಬೇಕಾಗುವುದಿಲ್ಲ.

ಆಗ ಭಾವನವರ ಮಗಳು ಲಟ್ಟಣಿಗೆ ಬದಿಗಿಟ್ಟಳು. ಬಿ.ಎ. ಓದುವವಳು. “ಐಹೊಳೆ ಶಾಸನದಾಗ ಮೂರು ಮಹಾರಾಷ್ಟ್ರಕದ ೯೯,೦೦೦ ಹಳ್ಳಿಗೆ ಒಡೆಯನಾದ ಅಂತ ಬರದದ. ಹಳ್ಳಿ ಲೆಕ್ಕ ಅದ, ಸತ್ತವರ ಲೆಕ್ಕ ಇಲ್ಲ. ಸತ್ತವರನ್ನ ಎಣಿಸಿದಾಂವ ಅಶೋಕ ಒಬ್ಬಾಂವ.”

ಇದು ನಿಜ. ದಂಡನಾಯಕನಾಗಿ ಅಶೋಕ ಎಂಥವನು, ಕಳಿಂಗದಲ್ಲಿ ದಂಡನ್ನು ಹೇಗೆ ನಡೆಸಿದ ಎಂಬುದನ್ನು ಅವನು ಹೇಳಿಕೊಂಡಿಲ್ಲ. ಪಟ್ಟಾಭಿಷೇಕವಾಗಿ ಎಂಟು ವರ್ಷಕ್ಕೆ ಕಳಿಂಗವನ್ನು ಗೆದ್ದ. ಆ ಗೆಲುವನ್ನು ೧೩ನೆಯ ಶಿಲಾಶಾಸನ ಎಣಿಸುವ ರೀತಿಯೇ ಬೇರೆ: ಸೆರೆಹಿಡಿದು ಒಯ್ದವರು ೧,೫೦,೦೦೦, ಕೊಂದವರು ೧,೦೦,೦೦೦, ಆಮೇಲೆ ಸತ್ತವರು ಇದರ ಎಷ್ಟೋ ಪಟ್ಟು. ಇನ್ನೂ ಒಂದು ಮಾತು ಅದರಲ್ಲಿದೆ. ತಮಗೆ ಏನೂ ಆಗದವರೂ ತಮ್ಮ ಗೆಳೆಯರಿಗೆ, ಬಂಧುಗಳಿಗೆ ಆದದ್ದನ್ನು ಕಂಡು ನೋಯುತ್ತಾರೆ ಎಂಬುದನ್ನು ಆ ರಾಜ ಗುರುತಿಸಿದ್ದಾನೆ. ದಂಡಿಗೆ ಹೋದವರ ಮನೆಯ ಹೆಂಗಸರು ಎಂದೋ ತಿಳಿದಿದ್ದ ಮಾತು. ಗೆದ್ದ ರಾಜನ ಬಾಯಲ್ಲಿ ಬಂದದ್ದು ಅಪರೂಪ.

ಈ ರಾಜ ನಮಗೆ ದೂರದವನೂ ಅಲ್ಲ. ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎನ್ನುವವನೇ ಅಶೋಕ ಎಂದು ಹೆಸರು ಸಮೇತ ತೋರಿಸಿದ ಕಲ್ಲು ೧೯೧೫ರಲ್ಲಿ ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಇನ್ನು ನಮ್ಮ ಭೀಮಾನದಿಯ ಆ ದಂಡೆಗೆ, ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ಅವನ ಶಾಸನವೇ ಇದೆ. ೧೯೮೦ರ ದಶಕದಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಚಾವಣಿ ಕುಸಿಯಿತು. ಆಮೇಲೆ ನೋಡಿದರೆ, ಕಾಳಿಯ ಪೀಠಕ್ಕೆ ಹಾಸಿದ್ದ ಚಪ್ಪಡಿಯ ಎರಡೂ ಬದಿಗೆ ಬ್ರಾಹ್ಮಿ ಅಕ್ಷರ. ಮೂರ್ತಿ ಕೂಡಿಸಲೆಂದು ನಡುವೆ ಕೊರೆದ ಕುಳಿಯಲ್ಲಿ ಒಂದಿಷ್ಟು ಅಕ್ಷರಗಳು ಹಾರಿಹೋಗಿವೆ. ಹತ್ತಿರದ ಕನಗನಹಳ್ಳಿಯಲ್ಲಿ ೧೯೯೦ರ ದಶಕದ ಉತ್ಖನನದಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು ಕೊರೆದ ಶಿಲ್ಪ ದೊರೆಯಿತು. ಅದರಲ್ಲಿ ಕುದುರೆಯಿಲ್ಲ, ಖಡ್ಗವಿಲ್ಲ. ರಾಜನ ಪಕ್ಕದಲ್ಲಿ ರಾಣಿ ನಿಂತಿದ್ದಾಳೆ. ಛತ್ರ ಚಾಮರ ಹಿಡಿದವರಿದ್ದಾರೆ. ಅವನು ಸತ್ತು ತಲೆಮಾರುಗಳು ಕಳೆದ ಮೇಲೆ ನಮ್ಮ ಸೀಮೆಯ ಶಿಲ್ಪಿ ಅವನನ್ನು ನೆನೆದದ್ದು ಹೀಗೆ.

“ನೋಡು, ಸನ್ನತಿ ಕಲ್ಲಿನ ಮ್ಯಾಲ ಏನೇನದ ಕೇಳು,” ಎಂದರು ಭಾವ. ೧೨ ಮತ್ತು ೧೪ನೆಯ ಶಾಸನಗಳ ಭಾಗ, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ೧೨ನೆಯದರಲ್ಲಿ ತನ್ನ ಮತವನ್ನು ಹೊಗಳಿಕೊಂಡು ಪರರ ಮತವನ್ನು ಹಳಿಯಬೇಡಿ ಎಂಬ ಬುದ್ಧಿಮಾತಿದೆ. ಹೆಂಗಸರ ವಿಷಯ ನೋಡಿಕೊಳ್ಳುವ ಅಧಿಕಾರಿಗಳ ಪ್ರಸ್ತಾಪವೂ ಬರುತ್ತದೆ. ಪ್ರತ್ಯೇಕ ಶಾಸನಗಳಲ್ಲಿ ಪ್ರಜೆಗಳೆಲ್ಲ ತನ್ನ ಮಕ್ಕಳಿದ್ದಂತೆ, ಸುಮ್ಮಸುಮ್ಮನೆ ಯಾರನ್ನೂ ಸೆರೆಗೆ ಹಾಕಬೇಡಿ ಎಂದು ಅಧಿಕಾರಿಗಳಿಗೆ ಕಟ್ಟಪ್ಪಣೆ.

“ಮತ್ತ ಹದಿಮೂರನೇದು?” ಎಂದ ಹುಡುಗ.

ಅದು ಸನ್ನತಿಯ ಕಲ್ಲಿನ ಮೇಲಿಲ್ಲ. ಕಳಿಂಗದ ಧೌಲಿ, ಜೌಗಡಗಳಲ್ಲೂ ಇಲ್ಲ. ಅಲ್ಲಿ ೧೧ರಿಂದ ೧೩ರವರೆಗಿನ ಶಾಸನಗಳನ್ನು ಬಿಟ್ಟು ಈ ಪ್ರತ್ಯೇಕ ಶಾಸನಗಳನ್ನು ಕೊರೆಸಿದ್ದಾರೆ. ಗಿರನಾರಿನವರು ಓದಿದರು, ಆಂಧ್ರದ ಎರ್ರಗುಡಿಯವರು ಓದಿದರು, ದೂರದ ಕಂದಹಾರದಲ್ಲಿ ಗ್ರೀಕ್ ಭಾಷೆಯಲ್ಲೂ ಓದಿದರು. ಯಾರ ಮನೆ ಹಾಳಾಯಿತೋ ಅವರ ಊರಲ್ಲಿ ಮಾತ್ರ ಆ ಪಶ್ಚಾತ್ತಾಪದ ಶಾಸನ ಇಲ್ಲ.

ಹುಡುಗ ಗೆದ್ದವನಂತೆ ನಕ್ಕ. ಭಾವ, ಸೋತವರ ಗಾಯ ಕೆದಕಬಾರದೆಂದು ಬಿಟ್ಟಿರಬೇಕು ಎಂದರು. ಮಗಳು, ಸೋತವರಿಗೆ ಲೆಕ್ಕ ಹೇಳುವ ಅಗತ್ಯವೇ ಇರಲಿಲ್ಲ, ಅವರಿಗೆ ಅದು ಗೊತ್ತೇ ಇತ್ತು ಎಂದಳು.

ಅಷ್ಟು ಹೊತ್ತು ಸುಮ್ಮನಿದ್ದ ಅತ್ತೆ ಆಗ ಬಾಯಿ ಬಿಟ್ಟರು. ಅವರಿಗೆ ಸನ್ನತಿಯೆಂದರೆ ಅಶೋಕನಲ್ಲ, ಚಂದ್ರಲಾ ಪರಮೇಶ್ವರಿ. ಋಷಿಯ ಹೆಂಡತಿಯನ್ನು ಹೊತ್ತೊಯ್ದ ಸೇತುರಾಜನ ಮೇಲೆ ತಾಯಿ ದುಂಬಿಗಳ ದಂಡು ಬಿಟ್ಟ ಕಥೆಯನ್ನು ನಮ್ಮ ಮಕ್ಕಳಿಗೆಲ್ಲ ಹೇಳಿದವರು ಅವರೇ.

“ಅಲ್ಲಪ್ಪಾ ಮಾಸ್ತರ, ಆ ಒಂದೂವರಿ ಲಕ್ಷ ಮಂದಿನ್ನ ಒಯ್ದ ಅಂದಿ. ಅತ್ತ ಮ್ಯಾಲ ಅವರನ್ನ ತಿರುಗಿ ಮನಿಗಿ ಕಳಿಸಿದನೇನು?”

ಭಾವ ಮಗಳ ಕಡೆ ನೋಡಿದರು. ಅವಳು ಹಪ್ಪಳದ ಕಡೆ ನೋಡಿದಳು. ಶಾಸನದಲ್ಲಿ ಆ ಮಾತಿಲ್ಲ. ಕಳಿಂಗವನ್ನು ತಿರುಗಿ ಕೊಟ್ಟೆನೆಂದೂ ಇಲ್ಲ, ಒಯ್ದವರನ್ನು ಬಿಟ್ಟೆನೆಂದೂ ಇಲ್ಲ.

“ಮತ್ತ?” ಎಂದರು ಅತ್ತೆ. ಇನ್ನೊಂದು ಉಂಡೆ ಮಾಡಿ ನನ್ನ ಮುಂದಿಟ್ಟರು.

ಆ ‘ಮತ್ತ’ದ ಹಿಂದೆ ಏನಿತ್ತೆಂದು ಪಡಸಾಲೆಯಲ್ಲಿದ್ದವರಿಗೆಲ್ಲ ಗೊತ್ತು. ಮೂರು ಸಣ್ಣ ಮಕ್ಕಳ ಕೈಹಿಡಿದು ಅವರು ವಿಧವೆಯಾದ ವರ್ಷವೇ ಭಾವಕಿಯಲ್ಲಿ ಹಿರಿಯರೊಬ್ಬರು ನಮ್ಮ ಹೊಲದ ಬದುವಿನ ಕಲ್ಲು ಕಿತ್ತು ಏಳು ಸಾಲು ಒಳಗೆ ನೆಟ್ಟರು. ಕೇಳುವ ಗಂಡಸಿರಲಿಲ್ಲ. ಏಳು ಸಾಲೆಂದರೆ ಹೆಚ್ಚೇನಲ್ಲ ಎಂದು ಊರವರು ಸಮಾಧಾನ ಹೇಳಿದರು. ಆ ಏಳು ಸಾಲಿನ ಜೋಳ ಎಷ್ಟು ರೊಟ್ಟಿಯಾಗುತ್ತಿತ್ತು ಎಂಬುದು ರೊಟ್ಟಿ ಬಡಿಯುವವರಿಗೇ ಗೊತ್ತು. ಎಷ್ಟೋ ವರ್ಷದ ಮೇಲೆ, ಮೈಯಲ್ಲಿ ಜಡ್ಡು ಸೇರಿದಾಗ, ಆ ಹಿರಿಯರು ಒಂದು ಸೀರೆ ಹಿಡಿದುಕೊಂಡು ಬಂದು ನಮ್ಮ ಹೊಸ್ತಿಲಲ್ಲಿ ಕೂತು ಅತ್ತರು. ಅತ್ತೆ ಚಹಾ ಕೊಟ್ಟರು. ಸೀರೆ ಮುಟ್ಟಲಿಲ್ಲ. “ಕಲ್ಲು ಮೊದಲ ಎಲ್ಲಿತ್ತೋ ಅಲ್ಲಿ ಇಡ್ರಿ ಮಾವನೋರ. ಆಮ್ಯಾಲ ಇಬ್ಬರೂ ಕೂಡಿ ಅಳೂಣು,” ಎಂದರು. ಅವರು ತೀರಿಕೊಂಡರು. ಕಲ್ಲು ಅಲ್ಲಿಯೇ ಉಳಿಯಿತು.

ಅಂದಿನಿಂದ ನಾನೂ ಈ ಮಾತನ್ನು ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದೇನೆ. ಅತ್ತೆಯ ಅಳತೆಗೋಲು ಹಿಡಿದರೆ ಅಶೋಕ ನಿಲ್ಲುವುದಿಲ್ಲ. ಕಣ್ಣೀರು ನಿಜವಿರಬಹುದು, ಆದರೆ ಗೆದ್ದ ನೆಲ ಮುಷ್ಟಿಯಲ್ಲೇ ಇತ್ತು. ಕಳಿಂಗದವರೂ ಅದನ್ನು ಮರೆತು ಸಾಧುಗಳಾಗಲಿಲ್ಲ. ಅಲ್ಲಿಯ ಖಾರವೇಲ ಮುಂದೆ ತಾನೂ ದಂಡೆತ್ತಿ ಹೋಗಿ ಹಾಥಿಗುಂಫಾದಲ್ಲಿ ತನ್ನ ದಿಗ್ವಿಜಯ ಕೊರೆಸಿದ. ಆದರೂ ಈ ರಾಜನನ್ನು ಪುಲಕೇಶಿ, ಖಾರವೇಲರ ಸಾಲಿನಲ್ಲಿ ಕೂಡಿಸಲು ನನಗೆ ಮನಸ್ಸು ಬರುವುದಿಲ್ಲ. ಅವನು ಆ ಲೆಕ್ಕ ಬರೆಯಿಸದಿದ್ದರೆ, ಎರಡು ಸಾವಿರ ವರ್ಷದ ಮೇಲೆ ಅಂದೋಲಾದ ಮುದುಕಿಯೊಬ್ಬಳು ಆ ಒಂದೂವರೆ ಲಕ್ಷ ಜನ ಎಲ್ಲಿ ಎಂದು ಕೇಳುವುದು ಸಾಧ್ಯವಿತ್ತೇ? ತನ್ನ ಮೇಲಿನ ಫಿರ್ಯಾದಿಗೆ ಬೇಕಾದ ಸಾಕ್ಷಿಯನ್ನು ತಾನೇ ಕಲ್ಲಿನಲ್ಲಿ ಬರೆಯಿಸಿಟ್ಟ ರಾಜ ಅವನು. ಉಳಿದ ಗೆದ್ದವರು ನಮಗೆ ಹೊಗಳಿಕೆಯನ್ನಷ್ಟೇ ಬಿಟ್ಟುಹೋದರು. ಅವರನ್ನು ಏನೆಂದು ಕೇಳುವುದು? ಅವನ ಸಿಂಹಗಳು ೧೯೫೦ರಲ್ಲಿ ದೇಶದ ಲಾಂಛನವಾದವು. ನಮ್ಮ ಕರ್ನಾಟಕದ ಲಾಂಛನದಲ್ಲಿ ಗಂಡಭೇರುಂಡದ ಮೇಲೂ ಕೂತಿವೆ. ಅವುಗಳನ್ನು ಕಂಡಾಗ ಗೆಲುವಿನ ಜೊತೆಗೆ ಆ ಲೆಕ್ಕವೂ ನಮಗೆ ನೆನಪಾದರೆ ಒಳ್ಳೆಯದು.

ಮೊನ್ನೆ ಅದೇ ಹುಡುಗ, ಈಗ ನೌಕರಿಗೆ ಹತ್ತಿದವನು, ಊರಿಗೆ ಬಂದಾಗ ಅಜ್ಜಿಯ ಪಕ್ಕ ಕೂತ. “ಆಯಿ, ಹದ್ದುಬಸ್ತಿಗೆ ಅರ್ಜಿ ಕೊಡೂಣು. ಸರ್ವೇದವರು ಬಂದು ಅಳದು ಕಲ್ಲು ಹಾಕ್ತಾರ. ರೊಕ್ಕ ನಾ ಕಟ್ತೀನಿ,” ಎಂದ.

ಅತ್ತೆ ಅವನ ತಲೆ ಸವರಿದರು. “ಬ್ಯಾಡ ತಮ್ಮಾ. ಸರ್ಕಾರದವರು ಇಟ್ರ ಅದು ನಾ ಗೆದ್ದಂಗ ಆಗ್ತದ. ಅವರ ಮಗ ಇದ್ದಾನ, ಮೊಮ್ಮಗ ಇದ್ದಾನ. ಕಿತ್ತ ಮನಿಯವರೇ ಬಂದು ಇಡ್ಲಿ. ನಾ ಇನ್ನೂ ಇದ್ದೀನಿ.”