ಎಳ್ಳಮಾವಾಸ್ಯೆಗೆ ಮೊದಲು ಹತ್ತು ಚಿತ್ರ

ಇಜೇರಿ ನನ್ನ ಊರು. ಪ್ರತಿವರ್ಷ ಎಳ್ಳಮಾವಾಸ್ಯೆಗೆ ಹೋಗುತ್ತೇನೆ. ಈ ಸಲ ಹತ್ತು ದಿನ ಮೊದಲೇ ಹೋಗಿ, ದಿನಕ್ಕೊಂದರಂತೆ ಹತ್ತು ಚಿತ್ರ ಬರೆಯುವ ಪಣ ತೊಟ್ಟಿದ್ದೇನೆ. ಹಬ್ಬ ಮುಗಿದ ಮೇಲೆ ನಮ್ಮ ಹಳೆಯ ಮಣ್ಣಿನ ಮಾಳಿಗೆ ಮನೆ ಕೆಡವಿ, ನನ್ನ ತಮ್ಮ ಸ್ಲ್ಯಾಬ್ ಹಾಕಿಸುತ್ತಾನೆ. ಮಳೆಗಾಲದಲ್ಲಿ ಸೋರುವ ಮನೆ. ಅಲ್ಲಿ ಇರುವವನು ಅವನು. ಬೇಡವೆನ್ನಲು ನಾನ್ಯಾರು?

ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ನನ್ನದು. ಎರಡು ತಿಂಗಳ ಮೊದಲೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಯಾವ ದಿನ ಯಾವ ಜಾಗ, ಬಿಸಿಲು ಯಾವ ಕಡೆಯಿಂದ ಎಂದು ಬರೆದಿಟ್ಟೆ. ತೊಗರಿ ಹೊಲ ಬೆಳಿಗ್ಗೆ, ಜೋಳದ ಹೊಲ ಸಂಜೆ. ಎರೆಮಣ್ಣಿಗೆ ಬರೀ ಕಪ್ಪು ಹಚ್ಚಿದರೆ ಇದ್ದಿಲಿನಂತೆ ಕಾಣುತ್ತದೆ. ಕಂದು, ನೀಲಿ ಬೆರೆಸಿದೆ, ಸರಿಹೋಯಿತು. ಮಕ್ಕಳೇ, ನೀವೂ ಬೆರೆಸಿ ನೋಡಿ. ಹಬ್ಬದ ದಿನ ಮಾತ್ರ ರಜೆ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುವಾಗ ಕುಂಚ ಯಾರು ಹಿಡಿಯುತ್ತಾರೆ?

ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತ್ (1916–1993) ದೇವಾನುದೇವತೆಗಳ ಮುಖಕ್ಕೆ ಜೀವ ತುಂಬಿದ ಚಿತ್ರಕಾರರು. ನನಗೆ ಮುಖ ಬರೆಯಲು ಬಾರದು. ಅವ್ವ ಕೂರುತ್ತಿದ್ದ ಕಟ್ಟೆಯನ್ನು ಖಾಲಿಯಾಗಿಯೇ ಬರೆಯುತ್ತೇನೆ.

ಕೈ ಪಳಗಲಿ ಎಂದು ಮನೆಯ ಚಿತ್ರವನ್ನು ಹತ್ತನೇ ದಿನಕ್ಕೆ ಇಟ್ಟಿದ್ದೆ. ಆರನೇ ತರಗತಿಯ ಮೊಮ್ಮಗಳು ಪಟ್ಟಿ ನೋಡಿ, "ಮುತ್ಯಾ, ಮನಿ ಮೊದಲ ಬರಿ. ಕೆಟ್ಟರ ಇನ್ನಾ ಒಂಬತ್ತ ದಿನ ಇರ್ತಾವಲ್ಲ" ಎಂದಳು.

ಹಾಳೆ ತಿರುವಿ ಹೊಸದಾಗಿ ಗೆರೆ ಎಳೆದೆ.