ಹೆಬ್ಬೆರಳಿನ ತಾಳ

ಐವತ್ತು ದಾಟಿದ ಹೆಂಗಸು ಹೊಸದಾಗಿ ಏನಾದರೂ ಕಲಿಯುತ್ತೇನೆಂದರೆ ನಮ್ಮಂಥ ಊರುಗಳಲ್ಲಿ ಅದಕ್ಕೊಂದು ಪಟ್ಟಿ ಸಿದ್ಧವಿರುತ್ತದೆ. ಭಜನೆ, ಯೋಗ, ಹೆಚ್ಚೆಂದರೆ ಕಸೂತಿ. ಗಿಟಾರು ಆ ಪಟ್ಟಿಯಲ್ಲಿಲ್ಲ. ಅದರಲ್ಲೂ ಬ್ರೆಜಿಲ್ ದೇಶದ ಬೊಸಾ ನೋವಾ ಗಿಟಾರು! "ಮಗನ ಗಿಟಾರು ಮಾರಿಬಿಡಬಾರದೇನ್ರೀ ಟೀಚರ್, ಸುಮ್ಮನೆ ಧೂಳು ಹಿಡೀತಿದೆ" ಎಂದಿದ್ದರು ಪಕ್ಕದ ಮನೆಯವರು. ನಾನು ಮಾರಲಿಲ್ಲ, ಧೂಳು ಒರೆಸಿದೆ.

ಬೊಸಾ ನೋವಾ ಎಂದರೆ ಪೋರ್ಚುಗೀಸ್ ನುಡಿಯಲ್ಲಿ ಹೊಸ ಧಾಟಿ ಎಂದರ್ಥ. ಅದು ರೂಪುಗೊಂಡದ್ದು 1950ರ ದಶಕದ ಕೊನೆಯಲ್ಲಿ, ರಿಯೋ ಡಿ ಜನೈರೋ ನಗರದಲ್ಲಿ. ಟಾಮ್ ಜೋಬಿಮ್ ಸ್ವರ ಹಾಕಿ, ವಿನೀಸಿಯಸ್ ಡಿ ಮೊರಾಯಿಸ್ ಎಂಬ ಕವಿ ಮಾತು ಬರೆದ ಹಾಡೊಂದನ್ನು 1958ರಲ್ಲಿ ಜೋವಾವ್ ಜಿಲ್ಬೆರ್ಟೊ ಧ್ವನಿಮುದ್ರಿಸಿದರು. ಸುಮಾರು ಎರಡು ನಿಮಿಷದ ಹಾಡು. ಅಬ್ಬರವಿಲ್ಲ, ಕಂಪನವಿಲ್ಲ, ಪಕ್ಕದಲ್ಲಿ ಕೂತವರೊಡನೆ ಮಾತಾಡಿದಷ್ಟೇ ಮೆಲುದನಿ. ಅದಕ್ಕೂ ಮೊದಲು ಅವರು ದಿಯಮಂಚೀನ ಎಂಬ ಊರಿನ ಸೋದರಿಯ ಮನೆಯಲ್ಲಿದ್ದುಕೊಂಡು, ನಾದ ಚೆನ್ನಾಗಿ ಮೊಳಗುತ್ತದೆಂದು ಬಚ್ಚಲುಮನೆಯಲ್ಲಿ ಕೂತು ದಿನಗಟ್ಟಲೆ ಸಾಧನೆ ಮಾಡುತ್ತಿದ್ದರಂತೆ. ಬಚ್ಚಲಿನಲ್ಲಿ ಹಾಡಿಕೊಳ್ಳುವ ನಮಗೆಲ್ಲ ಇದು ಸಮಾಧಾನದ ಸಂಗತಿಯಲ್ಲವೇ?

ಆ ನಾಡಿನಲ್ಲಿ ಗಿಟಾರು ಬಹುಕಾಲ ಬೀದಿ ಅಲೆಯುವವರ ವಾದ್ಯವೆನಿಸಿತ್ತು. ಮರ್ಯಾದಸ್ತರ ಮನೆಯಲ್ಲಿ ಹುಡುಗಿಯರಿಗೆ ಪಿಯಾನೋ. ಬೊಸಾ ನೋವಾ ಬಂದ ಮೇಲೆ ಗಿಟಾರು ಪಡಸಾಲೆಗೆ ಬಂತು. ಕಾರ್ಲೋಸ್ ಲೀರಾ, ರಾಬರ್ಟೊ ಮೆನೆಸ್ಕಲ್ ಎಂಬ ಇಬ್ಬರು ಯುವಕರು ಕೋಪಕಬಾನಾದಲ್ಲಿ ಗಿಟಾರು ಶಾಲೆಯನ್ನೇ ತೆರೆದರು. ಹುಡುಗಿಯರು ಸಾಲುಗಟ್ಟಿ ಕಲಿತರು. ನಾರಾ ಲಿಯಾವ್ ಎಂಬ ಹುಡುಗಿಯ ತಂದೆತಾಯಿಯ ಮನೆಯಲ್ಲೇ ಈ ಗೆಳೆಯರೆಲ್ಲ ಸೇರುತ್ತಿದ್ದುದು. ಬಹಳ ದಿನ ಎಲ್ಲರೂ ಅವಳನ್ನು ಈ ಸಂಗೀತದ ಸ್ಫೂರ್ತಿದೇವತೆ ಎಂದೇ ಕರೆದರು. ಆದರೆ 1964ರಲ್ಲಿ ತನ್ನ ಮೊದಲ ಧ್ವನಿಮುದ್ರಿಕೆ ತಂದಾಗ ಆಕೆ ಬಡ ಕೇರಿಗಳ ಸಾಂಬಾ ಕವಿಗಳ ಹಾಡುಗಳನ್ನು ಆರಿಸಿಕೊಂಡಳು. ದೇವತೆಯ ಪಟ್ಟ ಬಿಟ್ಟು ಹಾಡುಗಾರ್ತಿಯಾದಳು. ಮನೆಯವರಿಗೆಲ್ಲ ಕಾಫಿ ಕೊಟ್ಟು ಮೂಲೆಯಲ್ಲಿ ನಿಂತು ಸಂಗೀತ ಕೇಳಿದ ನಮ್ಮ ಪೀಳಿಗೆಗೆ ಅವಳು ತೀರಾ ಪರಕೀಯಳೇನಲ್ಲ. ನನ್ನ ಸಂಗೀತವೂ ಜೂನಿಯರ್ ಪರೀಕ್ಷೆಗೆ, ಮದುವೆಯ ಮಾತುಕತೆಗೆ ಮುಗಿದಿತ್ತು.

ನನ್ನ ಮೇಷ್ಟರು ರಿಯೋದವರು, ಮಗನ ವಯಸ್ಸು. ಭಾನುವಾರ ನಮಗೆ ಸಂಜೆ ಏಳೂವರೆಯಾದಾಗ ಅವರಿಗೆ ಬೆಳಿಗ್ಗೆ ಹನ್ನೊಂದು. 2020ರಲ್ಲಿ ಶಾಲೆ ಮುಚ್ಚಿದಾಗ ಪರದೆಯ ಈಚೆ ಕೂತು ಮಕ್ಕಳಿಗೆ ಪಾಠ ಹೇಳಿದವಳು ನಾನು, ಈಗ ಕಲಿಯುವವರ ಕಡೆ ಕೂತಿದ್ದೇನೆ. ಪಾಠದ ಗುಟ್ಟೆಲ್ಲ ಬಲಗೈಯಲ್ಲಿದೆ. ಹೆಬ್ಬೆರಳು ಕೆಳಸ್ವರದ ತಂತಿಯನ್ನು ಒಂದೇ ನಡೆಯಲ್ಲಿ ಮೀಟುತ್ತಿರಬೇಕು. ಅದು ಸಾಂಬಾದ ದೊಡ್ಡ ಡೋಲು ಸುರ್ದೂವಿನ ಕೆಲಸ. ಉಳಿದ ಮೂರು ಬೆರಳು ಒಟ್ಟಾಗಿ ತಂತಿಗಳನ್ನು ಎತ್ತಬೇಕು, ಆದರೆ ಪೆಟ್ಟಿನ ಮೇಲಲ್ಲ. ಕೊಂಚ ಮುಂಚೆ, ಕೊಂಚ ಆಮೇಲೆ. ಅದು ತಂಬೊರೀಮ್ ಎಂಬ ಪುಟ್ಟ ವಾದ್ಯದ ಪಾಲು. ನಮ್ಮ ಅತೀತ, ಅನಾಗತ ಎಡುಪಿನ ದೂರದ ನೆಂಟ ಎನ್ನಬಹುದು. ಹಾಡು ಇವೆರಡರ ನಡುವೆ ತನ್ನ ಪಾಡಿಗೆ ನಡೆಯಬೇಕು. ಒಲೆಯ ಮೇಲೆ ಹಾಲು, ಕೈಯಲ್ಲಿ ಉತ್ತರ ಪತ್ರಿಕೆ, ಕಿವಿ ಅತ್ತೆಯವರ ಕೋಣೆಯ ಕಡೆ. ಮೂರನ್ನೂ ಒಟ್ಟಿಗೆ ನಡೆಸಿದವಳಿಗೆ ಇದು ಬರಲೇಬೇಕೆಂದು ಧೈರ್ಯ ತಂದುಕೊಂಡೆ.

ಆದರೆ ಆನ್‌ಲೈನ್ ಪಾಠಕ್ಕೊಂದು ತೊಡಕಿದೆ. ಇಬ್ಬರು ಕೂಡಿ ನುಡಿಸಬೇಕಾದರೆ ಒಬ್ಬರ ನಾದ ಇನ್ನೊಬ್ಬರಿಗೆ ಕ್ಷಣದ ಒಂದು ಚೂರಿನೊಳಗೆ ತಲುಪಬೇಕು. ಇಷ್ಟು ದೂರದಿಂದ ಅದು ಆಗದ ಮಾತು. ಅವರು ನುಡಿಸಿದ್ದಕ್ಕೆ ನಾನು ಸರಿಯಾಗಿ ಜೊತೆಗೂಡಿದರೂ ಅವರ ಕಿವಿಗೆ ತಡವಾಗಿಯೇ ಬೀಳುತ್ತದೆ. ಸಾಲದ್ದಕ್ಕೆ, ತಂತಿಯ ಎಳೆದ ನಾದವನ್ನು ಗದ್ದಲವೆಂದು ತಿಳಿದು ಕಂಪ್ಯೂಟರು ನುಂಗಿಹಾಕುತ್ತದೆ. ಆ ಸೌಲಭ್ಯವನ್ನು ಮೊದಲು ಆರಿಸಿಡಬೇಕು. ಹೀಗಾಗಿ ಮೇಷ್ಟರು ತಮ್ಮ ಧ್ವನಿ ನಿಲ್ಲಿಸಿ ನನ್ನೊಬ್ಬಳನ್ನೇ ನುಡಿಸಲು ಬಿಡುತ್ತಾರೆ. ತಪ್ಪಿದರೂ ನಡುವೆ ಬಾಯಿ ಹಾಕುವುದಿಲ್ಲ. ತಾಳ ಹಾಕಿಕೊಡುವ ಕೈ ಎದುರಿಗಿಲ್ಲ. ಮನೆಯಲ್ಲಿ, ಶಾಲೆಯಲ್ಲಿ ಮೂವತ್ತು ವರ್ಷ ಬೇರೆಯವರ ಗಡಿಯಾರಕ್ಕೆ ನಡೆದ ನನಗೆ ಈಗ ನನ್ನ ಹೆಬ್ಬೆರಳೇ ಗಡಿಯಾರ.

ಹಾಸಿಗೆ ಹಿಡಿದ ಅತ್ತೆಯವರಿಗೆ ಜೋರು ಸದ್ದು ಆಗದು. ಈ ಸಂಗೀತಕ್ಕೆ ಜೋರು ಬೇಕಾಗಿಯೂ ಇಲ್ಲ. ಒಂದು ಸಂಜೆ ಅವರು ಒಳಗಿನಿಂದ, "ಏನೇ ಇದು, ಎಲ್ಲಿ ಶುರು ಎಲ್ಲಿ ಮುಗಿತು ಗೊತ್ತೇ ಆಗಲ್ಲ" ಎಂದರು. ನಿಲ್ಲಿಸಿದೆ. "ನಿಲ್ಲಿಸು ಅಂದೆನೇನೇ?" ಎಂದರು.

ನನ್ನ ತರಗತಿಯಲ್ಲಿ ಲೆಕ್ಕ ಮಾಡಲು ಬೋರ್ಡಿಗೆ ಬಂದ ಹುಡುಗಿ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಲ್ಲುವುದುಂಟು. ಹಿಂದಿನ ಬೆಂಚಿನಿಂದ ಉತ್ತರ ಪಿಸುಗುಡಲು ಹೊರಟವರಿಗೆ ಈಗ ನಾನು ಕೈಸನ್ನೆ ಮಾಡುತ್ತೇನೆ. ಅವಳ ಮನಸ್ಸಿನಲ್ಲಿ ಹೆಬ್ಬೆರಳು ಆಡುತ್ತಿರಬಹುದು. ಉಳಿದ ಬೆರಳು ಬಂದು ಕೂಡಲು ಕೊಂಚ ಹೊತ್ತು ಬೇಕು, ಅಷ್ಟೆ.